ಒಂದೇ ಮೇವು, ಒಂದೇ ಶೆಡ್: ಮೊಲದ ಮರಿಗಳ ತೂಕದಲ್ಲಿ ಇಷ್ಟು ಅಂತರವೇಕೆ?

ಪ್ರಶ್ನೆ (ಹೊಸ ಸಾಕಣೆದಾರ):
ಮಾಂಸಕ್ಕಾಗಿ ನ್ಯೂಜಿಲೆಂಡ್ ವೈಟ್ ತಳಿಯ ಆರು ಹೆಣ್ಣು ಮೊಲಗಳನ್ನು ಸಾಕುತ್ತಿದ್ದೇನೆ. ಕಳೆದ ಸಲ ಎರಡು ಮೊಲಗಳು ಒಂದೇ ದಿನ ಮರಿ ಹಾಕಿದವು. ಒಂದಕ್ಕೆ 5, ಇನ್ನೊಂದಕ್ಕೆ 10. ಗಂಡು ಒಂದೇ. 30ನೇ ದಿನ ಹಾಲು ಬಿಡಿಸಿ ಎಲ್ಲಕ್ಕೂ ಒಂದೇ ಮೇವು ಕೊಟ್ಟರೂ, 12 ವಾರಕ್ಕೆ 5 ಮರಿಗಳ ಸೂಲಿನವು 2 ಕಿಲೋ ಮುಟ್ಟಿದರೆ, 10 ಮರಿಗಳ ಸೂಲಿನಲ್ಲಿ ಹೆಚ್ಚಿನವು ಒಂದೂವರೆ ಕಿಲೋ ದಾಟಲಿಲ್ಲ. ಪೆಲೆಟ್ (ಗುಳಿಗೆ ರೂಪದ ಮೇವು) ಬದಲಾಯಿಸಬೇಕೇ?

ಉತ್ತರ 1 (ಹಳೆಯ ಸಾಕಣೆದಾರ):
ಪೆಲೆಟ್ಟನ್ನು ಸದ್ಯಕ್ಕೆ ಮುಟ್ಟಬೇಡಿ. ನೀವು 12ನೇ ವಾರದಲ್ಲಿ ಕಂಡ ಅಂತರ ಬಹುಮಟ್ಟಿಗೆ ಮೊದಲ ಮೂರು ವಾರಗಳಲ್ಲೇ ಆಗಿಹೋಗಿರುತ್ತದೆ. ಗರ್ಭದಲ್ಲಿ ಮರಿಗಳು ಹೆಚ್ಚಾದಷ್ಟೂ ಒಂದೊಂದರ ಹುಟ್ಟುತೂಕ ಇಳಿಯುತ್ತದೆ. 60 ಗ್ರಾಂ ಇರಬಹುದಾದ ಮರಿ 40 ಗ್ರಾಂಗೇ ನಿಲ್ಲಬಹುದು. ತಾಯಿ ಸಾಮಾನ್ಯವಾಗಿ ದಿನಕ್ಕೆ ಒಂದೇ ಸಲ, ಅದೂ ಮೂರು ನಾಲ್ಕು ನಿಮಿಷ ಮಾತ್ರ ಹಾಲೂಡಿಸುವುದರಿಂದ, ಮೊಲೆತೊಟ್ಟಿಗಾಗಿ ನಡೆಯುವ ನೂಕಾಟದಲ್ಲಿ ಸಣ್ಣ ಮರಿ ಸೋತರೆ ಮರುದಿನದವರೆಗೂ ಅದು ಉಪವಾಸವೇ. ಬೆಳಿಗ್ಗೆ ಗೂಡುಪೆಟ್ಟಿಗೆ ತೆರೆದು ನೋಡಿ: ಹಾಲು ಕುಡಿದ ಮರಿಯ ಹೊಟ್ಟೆ ಗುಂಡಗಿದ್ದು, ತೆಳು ಚರ್ಮದೊಳಗಿನ ಹಾಲು ಬೆಳ್ಳಗೆ ಕಾಣುತ್ತದೆ, ಕುಡಿಯದ ಮರಿಯ ಚರ್ಮ ಸುಕ್ಕುಗಟ್ಟಿ ಸಡಿಲವಾಗಿರುತ್ತದೆ. ಒಂದೇ ದಿನ ಹಾಕಿದ ಸೂಲುಗಳಾದ್ದರಿಂದ, ಮೊದಲ ಎರಡು ಮೂರು ದಿನಗಳೊಳಗೆ ಎರಡು ಮೂರು ಮರಿಗಳನ್ನು ಸಣ್ಣ ಸೂಲಿನ ತಾಯಿಗೆ ವರ್ಗಾಯಿಸಬಹುದಿತ್ತು. ಆ ತಾಯಿ ತನ್ನ ಮೈಯಿಂದ ಕಿತ್ತು ಗೂಡಿಗೆ ಹಾಸಿದ ತುಪ್ಪಳವನ್ನೇ ಹೊದಿಸಿಟ್ಟರೆ ಅದು ಸಾಮಾನ್ಯವಾಗಿ ತಕರಾರು ಮಾಡುವುದಿಲ್ಲ.

ಉತ್ತರ 2 (ಪಶುವೈದ್ಯ):
ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಎಲ್ಲವನ್ನೂ ಹಾಲಿನ ಲೆಕ್ಕಕ್ಕೇ ಬರೆಯುವುದು ಸರಿಯಲ್ಲ. ಮೈಮೇಲೆ ಕೂದಲಿಲ್ಲದೆ ಹುಟ್ಟುವ ಮರಿಗಳು ಒತ್ತೊತ್ತಾಗಿ ಮಲಗಿ ಬಿಸಿ ಉಳಿಸಿಕೊಳ್ಳುತ್ತವೆ. ತುಪ್ಪಳ ತೆಳುವಾಗಿದ್ದರೆ ಅಂಚಿಗೆ ಸರಿದ ಮರಿ ಕುಡಿದ ಹಾಲನ್ನು ಬೆಳವಣಿಗೆಗಿಂತ ಮೈ ಬಿಸಿಗೇ ವ್ಯಯಿಸುತ್ತದೆ. ಇನ್ನು, ಸುಮಾರು 18 ದಿನಗಳ ನಂತರ ಮರಿಗಳು ಗಟ್ಟಿ ಆಹಾರಕ್ಕೆ ಬಾಯಿ ಹಾಕತೊಡಗುತ್ತವೆ. ಈ ಅಭ್ಯಾಸ ಸರಿಯಾಗಿ ಆಗುವ ಮುನ್ನವೇ ಹಾಲು ಬಿಡಿಸಿದರೆ ಸಣ್ಣ ಮರಿಗಳಿಗೆ ಭೇದಿ ತಗಲಿ, ಇನ್ನಷ್ಟು ಹಿಂದೆ ಬೀಳುತ್ತವೆ. 30 ದಿನವೆಂಬ ಲೆಕ್ಕವನ್ನು ಅವುಗಳ ಮಟ್ಟಿಗೆ ಒಂದು ವಾರ ಮುಂದೂಡಿ. ಮುಂದಿನ ಸೂಲಿನಿಂದ ಹುಟ್ಟಿದ ದಿನ ಮತ್ತು 21ನೇ ದಿನ ತೂಕ ಬರೆದಿಡಿ. 21ನೇ ದಿನದ ಒಟ್ಟು ತೂಕ ತಾಯಿಯ ಹಾಲಿನ ಇಳುವರಿಗೆ ಒಳ್ಳೆಯ ಅಳತೆ.

ಪ್ರಶ್ನೆ ಕೇಳಿದವರು:
ನಿನ್ನೆ ಎರಡು ಮೊಲಗಳು ಮರಿ ಹಾಕಿವೆ, ಒಂದು 9, ಇನ್ನೊಂದು 6. ಇಂದು ಬೆಳಿಗ್ಗೆ ನೋಡಿದರೆ ದೊಡ್ಡ ಸೂಲಿನಲ್ಲಿ ಎರಡು ಮರಿಗಳ ಹೊಟ್ಟೆ ಸುಕ್ಕುಗಟ್ಟಿತ್ತು. ಅಡಿಗೆಮನೆಯ ತಕ್ಕಡಿಯಲ್ಲಿ ಒಂದು 38 ಗ್ರಾಂ, ಇನ್ನೊಂದು 41. ಎರಡನ್ನೂ ಆರು ಮರಿಗಳ ಗೂಡಿಗೆ ಸೇರಿಸಿದ್ದೇನೆ.

ಉತ್ತರ 1:
ಅವುಗಳ ಬದಲು ಎರಡು ದಪ್ಪ ಮರಿಗಳನ್ನು ಕಳುಹಿಸಿದ್ದರೆ ಚೆನ್ನಾಗಿತ್ತು. ಹೊಸ ಗೂಡಿನಲ್ಲಿಯೂ ಚಿಕ್ಕವೇ ಸೋಲುತ್ತವೆ. ಇನ್ನೂ ಸಮಯವಿದೆ, ಇಂದೇ ಬದಲಾಯಿಸಿ.