ಆಗುಂಬೆ ಮಂಜಿಗೆ ಹೆಡ್‌ಲೈಟ್ ಯಾವುದು? ಅನುಭವ ಇದ್ದೋರು ಹೇಳಿ

ತೀರ್ಥಹಳ್ಳಿಯವ: ತಿಂಗಳಿಗೊಂದೆರಡು ಸಲ ರಾತ್ರಿ ಘಾಟಿ ಇಳಿದು ಮಣಿಪಾಲಕ್ಕೆ ಹೋಗೋದಿರ್ತದೆ. ಹಳೇ ಕಾರು, ಎಚ್4 ಹ್ಯಾಲೋಜನ್ (ಹೈಬೀಮ್, ಡಿಪ್ ಎರಡೂ ಒಂದೇ ಬಲ್ಬಲ್ಲಿ). ಎಲ್‌ಇಡಿ ಹಾಕಿಸ್ಲಾ, ಎಚ್‌ಐಡಿಯಾ (ತಂತಿ ಇಲ್ಲದೆ ಗ್ಯಾಸಲ್ಲಿ ಬೆಳಗೋ ಬಲ್ಬು)?

ಸಾಗರದ ಜೀಪು: ಹ್ಯಾಲೋಜನ್ ಬಿಡ್ಬೇಡಿ ಮಾರಾಯ್ರೆ. ನನ್ನದಕ್ಕೆ 60/55 ವ್ಯಾಟ್ ಬಲ್ಬು ತೆಗ್ದು 100/90 ಹಾಕಿದ ಪುಣ್ಯಾತ್ಮ ರಿಲೇನೇ (ಬ್ಯಾಟರಿಯಿಂದ ನೇರ ಕರೆಂಟ್ ಕೊಡೋ ಸ್ವಿಚ್ಚು) ಕೊಡ್ಲಿಲ್ಲ. ಹೋಲ್ಡರ್ ಕರಗಿ, ವೈರು ಕರಟಿ, ಹುಲಿಕಲ್ ಘಾಟಿ ನಡುವೆ ಎರಡೂ ಲೈಟು ಢಮಾರ್. ಮೊಬೈಲ್ ಟಾರ್ಚಲ್ಲಿ ಮಾಸ್ತಿಕಟ್ಟೆವರೆಗೆ ತೆವಳಿದ್ದು. ಆಮೇಲೆ ಸೆರಾಮಿಕ್ ಹೋಲ್ಡರ್ 260, ರಿಲೇ ವೈರಿಂಗ್ 1,450, ಕೂಲಿ 300. ಈಗ ರಾಜನ ಹಾಗೆ ಓಡಾಡ್ತೀನಿ. ಹಳದಿ ಬೆಳಕು ಮಂಜು ಸೀಳ್ತದೆ.

ವಿನೋಬನಗರ: ಹಳದಿ ಸೀಳ್ತದೆ ಅನ್ನೋದು ಬುರುಡೆ. ಮಂಜಿನ ಹನಿ ದೊಡ್ಡದು, ಬಣ್ಣ ಯಾವುದಾದ್ರೂ ಸರಿಸುಮಾರು ಒಂದೇ ಥರ ಚದುರಿಸ್ತದೆ. ಬೇಕಾದ್ದು ತಗ್ಗಿನಲ್ಲಿ ಅಗಲಕ್ಕೆ ಹೋಗೋ ಬೆಳಕು. ನಂದು ಎಚ್‌ಐಡಿ ಪ್ರೊಜೆಕ್ಟರ್ (ಲೆನ್ಸಲ್ಲಿ ಬೆಳಕು ಹಾಯಿಸೋದು), 35 ವ್ಯಾಟ್, ಬೆಳಕಿನ ಬಣ್ಣ 4300 ಕೆಲ್ವಿನ್, ಒಟ್ಟು 14,500. ಡೂಮ್ (ಹೆಡ್‌ಲೈಟಿನ ಹೊರಗಿನ ಮನೆ) ಅಂಟು ಕೂರದೆ ಆಷಾಢದಲ್ಲಿ ಒಳಗೆಲ್ಲ ನೀರು. ಬಿಚ್ಚಿ ಮತ್ತೆ ಅಂಟಿಸೋಕೆ 1,800. ಒಂದು ಬ್ಯಾಲಸ್ಟ್ (ಬಲ್ಬು ಹೊತ್ತಿಸೋ ಡಬ್ಬಿ) ಸತ್ತು 2,200. ಆದ್ರೂ ತೆಗೆಯಲ್ಲ.

ಹೊಸನಗರ: ಇಷ್ಟು ದುಡ್ಡಿಗೆ ಒಂದು ಕರು ಬರ್ತಿತ್ತು! ನಾನು 3,200ಕ್ಕೆ ಎಲ್‌ಇಡಿ ಬಲ್ಬು ಹಾಕ್ಸಿದೆ, ಊರೊಳಗೆ ಹಗಲಿನ ಹಾಗೆ ಬೆಳಕು. ಬಲ್ಬಿನ ಹಿಂದಿನ ಫ್ಯಾನಿಗೆ ಡೂಮಿನ ರಬ್ಬರ್ ಮುಚ್ಚಳ ಅಡ್ಡ ಬಂತು ಅಂತ ಮೆಕ್ಯಾನಿಕ್ ಅದನ್ನ ಕೊಯ್ದ. ಮಳೆ ಹಿಡಿದ ವಾರಕ್ಕೇ ಡೂಮೊಳಗೆ ಹಬೆ. ಮಂಜಲ್ಲಂತೂ ಬಾನೆಟ್ ಮುಂದೆ ಬಿಳೀ ಪಂಚೆ ಒಣಗಿಸಿದ ಹಾಗೆ.

ವಿನೋಬನಗರ: ಆಗದೆ ಏನಾಗ್ತದೆ? ಎಚ್4ನ ಡಿಪ್ ತಂತಿ ಕೆಳಗೆ ಪುಟ್ಟ ಬಟ್ಟಲಿರ್ತದೆ, ಅದು ಮೇಲಕ್ಕೆ ಹೋಗೋ ಬೆಳಕು ತಡೀತದೆ. ಎಲ್‌ಇಡಿ ಚಿಪ್ಪು ಆ ತಂತಿಯ ಜಾಗಕ್ಕೆ ಸರಿಯಾಗಿ ಕೂರ್ದಿದ್ರೆ ಬೆಳಕೆಲ್ಲ ಎದುರಿನವನ ಕಣ್ಣಿಗೆ. ನಿಮ್ಮಂಥೋರಿಂದಲೇ ತಿರುವಲ್ಲಿ ನಾವು ಚರಂಡಿಗೆ ಇಳಿಯೋದು.

ಹೊಸನಗರ: ನಿಮ್ಮ ಪ್ರೊಜೆಕ್ಟರ್ ಏನು ಕಂಪನಿ ಕೊಟ್ಟದ್ದಾ? ಮೋಟಾರು ವಾಹನ ಕಾಯ್ದೆ 182ಎ ಕಲಂ ನಿಮಗೂ ಅದೇ, ಒಂದೊಂದು ಮಾರ್ಪಾಡಿಗೆ 5,000 ದಂಡ.

ಸಾಗರದ ಜೀಪು: ದಂಡ ಮೊದಲು ಅಡಿಕೆ ಪಿಕಪ್‌ನವರಿಗೆ ಹಾಕ್ಲಿ. ಡಿಪ್ ಅನ್ನೋದೊಂದಿದೆ ಅಂತಲೇ ಗೊತ್ತಿಲ್ಲ.

ಕೊಪ್ಪ ಪಿಕಪ್: ಏನ್ರೀ, 100/90 ಹಾಕ್ಕೊಂಡು ನಮಗೆ ಡಿಪ್ ಪಾಠ? ಆನಂದಪುರದ ಹತ್ರ ನಿಮ್ಮ ಥರದ ಜೀಪಿಗೆ ಹೆದರಿ ಗಾಡಿ ಬದಿಗೆ ಹಾಕಿದ್ದೆ, ಎರಡು ಮೂಟೆ ಕೆಳಗೆ. ಆ ದುಡ್ಡು ಯಾರು ಕೊಡ್ತಾರೆ?

ಸಾಗರದ ಜೀಪು: ಮೂಟೆ ಸರಿ ಕಟ್ಟಿದ್ರೆ ಬೀಳ್ತಿತ್ತಾ?