ಬಾಗಿಲು ಹಾಕಿದರೆ ಭಯ ಹೋಗುತ್ತದಾ? – ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಹಾಸನ ಜಿಲ್ಲೆಯ ಓದುಗರೊಬ್ಬರು ಹೆಂಡತಿಯ ಹಲ್ಲಿ ಭಯದ ಬಗ್ಗೆ ಬರೆದಿದ್ದರು. ಮದುವೆಯಾಗಿ ಮೂರು ವರ್ಷ. ಹಲ್ಲಿ ಕಂಡರೆ ಆಕೆಗೆ ಎದೆ ಡವಡವ, ಮೈಯೆಲ್ಲ ಬೆವರು, ಕೈಕಾಲು ನಡುಕ. ರಾತ್ರಿ ಅಡುಗೆಮನೆಗೆ ಮೊದಲು ಗಂಡ ಹೋಗಿ ದೀಪ ಹಾಕಬೇಕು. ಊರಿನ ಹಂಚಿನ ಮನೆಗೆ ಬರಲು ಆಕೆ ಒಪ್ಪುವುದಿಲ್ಲ, ಅತ್ತೆಗೆ ಅದೇ ಸಿಟ್ಟು. "ಇದು ಕಾಯಿಲೆಯೋ, ನಾಟಕವೋ? ಹಲ್ಲಿ ಇರುವ ಕೋಣೆಯಲ್ಲಿ ಕೂರಿಸಿ ಒಂದು ಗಂಟೆ ಬಾಗಿಲು ಹಾಕಿದರೆ ಸರಿಹೋಗುತ್ತದಾ?" ಎಂದು ಅವರು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ಹುಬ್ಬಳ್ಳಿಯ ಓದುಗರು:

ಇಷ್ಟುದ್ದ ಪತ್ರ ಬರೆದಿದ್ದೀರಿ. ನಿಮ್ಮ ತೊಂದರೆ ಇದೆ, ನಿಮ್ಮ ತಾಯಿಯ ಬೇಸರ ಇದೆ. ಹೆಂಡತಿ ಏನಂದರು ಅನ್ನುವುದು ಒಂದು ಸಾಲೂ ಇಲ್ಲ. ಕೇಳಿದ್ದೀರಾ?

ಹಿರಿಯ ಓದುಗರು, ತುಮಕೂರು:

ನಮ್ಮ ಕಾಲದಲ್ಲಿ ಹಲ್ಲಿ, ಚೇಳು, ಹಾವು ಎಲ್ಲ ಮನೆಯೊಳಗೇ ಇದ್ದವು. ಇಪ್ಪತ್ತು ಜನಕ್ಕೆ ಅಡುಗೆ ಮಾಡುವ ಹೆಂಗಸರಿಗೆ ಭಯಪಡಲು ಪುರುಸೊತ್ತು ಇರಲಿಲ್ಲ. ಕೆಲಸ ಜಾಸ್ತಿ ಕೊಡಿ, ಎಲ್ಲ ಸರಿಹೋಗುತ್ತದೆ.

*ಹಿರಿಯರ ಅನುಭವಕ್ಕೆ ಗೌರವವಿದೆ. ಅದೇ ಕಾಲದ, ಅಂಥದೇ ಮನೆಯ ಇನ್ನೊಂದು ಪತ್ರವನ್ನು ಕತ್ತರಿಸದೆ ಕೊಡುತ್ತಿದ್ದೇವೆ. – ಸಂ.*

ನಿವೃತ್ತ ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು:

ತಮ್ಮಾ, ನಿನ್ನ ಪತ್ರ ಓದಿ ಅವತ್ತು ಊಟ ಸೇರಲಿಲ್ಲ. ಏಕವಚನಕ್ಕೆ ಬೇಸರ ಬೇಡ, ನನಗೆ 61.

ನಾನು ಏಳು ವರ್ಷದವಳಿದ್ದಾಗ ದೊಡ್ಡಪ್ಪನ ಮಗ ತಮಾಷೆಗೆ ನನ್ನ ಅಂಗೈಗೆ ಹಲ್ಲಿ ಹಾಕಿದ. ಅದು ಓಡಿಹೋಯಿತು. ಬಾಲ ಮಾತ್ರ ಕೈಯಲ್ಲೇ ಉಳಿದು ಒದ್ದಾಡುತ್ತಿತ್ತು. ಎಲ್ಲರೂ ನಕ್ಕರು. ಬಾಲ ಕಳಚಿಬಿಡುವುದು ಹಲ್ಲಿ ಜೀವ ಉಳಿಸಿಕೊಳ್ಳುವ ಉಪಾಯ ಅಂತ ಮುಂದೆ ನಾನೇ ಮಕ್ಕಳಿಗೆ ಪಾಠ ಮಾಡಿದೆ. ಪಾಠ ಮಾಡುವಾಗಲೂ ಅಂಗೈ ಒದ್ದೆಯಾಗುತ್ತಿತ್ತು.

ಮದುವೆಯಾಗಿ ಬಂದದ್ದು ಹಂಚಿನ ಮನೆಗೆ. ಬಚ್ಚಲು ಹಿತ್ತಿಲ ಕಡೆ, ಹಂಡೆಯ ಒಲೆ, ಮಸಿ ಹಿಡಿದ ಗೋಡೆ. ಹಲ್ಲಿಗೆ ಅದಕ್ಕಿಂತ ಒಳ್ಳೆಯ ಜಾಗ ಬೇಕಾ? ಸ್ನಾನಕ್ಕೆ ಮೊದಲು ಬ್ಯಾಟರಿ ಬಿಟ್ಟು ಮೂಲೆಮೂಲೆ ನೋಡುತ್ತಿದ್ದೆ. ಒಂದಿನ ಮನೆಯವರು ಹೊರಗಿನಿಂದ ಚಿಲಕ ಹಾಕಿದರು. ಕೆಟ್ಟವರಲ್ಲ ಅವರು. ನಿನ್ನ ಹಾಗೇ, ಇವಳಿಗೆ ಧೈರ್ಯ ಬರಲಿ ಅಂತ. ಮೊದಲು ಕಿರುಚಿದೆ. ಆಮೇಲೆ ದನಿ ಹೋಯಿತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮುದುಡಿ ಕೂತೆ. ಸದ್ದು ನಿಂತದ್ದನ್ನು ಕೇಳಿ ಅವರು ಚಿಲಕ ತೆಗೆದರು. "ನೋಡು, ಹೋಯ್ತಲ್ಲ" ಅಂದರು.

ಹೋಗಿರಲಿಲ್ಲ. ಹಲ್ಲಿ ಭಯದ ಜೊತೆಗೆ ಮುಚ್ಚಿದ ಬಾಗಿಲಿನ ಭಯವೂ ಸೇರಿಕೊಂಡಿತು. ಇನ್ನೊಂದು ಆಯಿತು. ನನ್ನ ಯಾವ ಭಯವನ್ನೂ ಮತ್ತೆ ಅವರಿಗೆ ಹೇಳಲಿಲ್ಲ, ಹಲ್ಲಿಯದು ಮಾತ್ರ ಅಲ್ಲ. ಎದೆಯಲ್ಲಿ ಗಂಟು ಕಂಡಾಗಲೂ ಅಕ್ಕನಿಗೆ ಹೇಳಿದೆ, ಅವರಿಗಲ್ಲ. (ಅದು ಸುಮ್ನೆ ಕೊಬ್ಬಿನ ಗಂಟು, ಈಗ ಚೆನ್ನಾಗಿದ್ದೇನೆ.)

54ನೇ ವಯಸ್ಸಿನಲ್ಲಿ ಮಗಳು ಶಿವಮೊಗ್ಗದಲ್ಲಿ ಒಬ್ಬ ಮನಶ್ಶಾಸ್ತ್ರಜ್ಞೆಯ ಹತ್ತಿರ ಕರೆದುಕೊಂಡು ಹೋದಳು. ಆಕೆ ಮೊದಲು ಒಂದು ಪಟ್ಟಿ ಮಾಡಿಸಿದರು. ಯಾವುದಕ್ಕೆ ಎಷ್ಟು ಭಯ, ಸೊನ್ನೆಯಿಂದ ನೂರರವರೆಗೆ. 'ಹಲ್ಲಿ' ಅಂತ ಕಾಗದದ ಮೇಲೆ ಬರೆಯುವುದಕ್ಕೆ ಹದಿನೈದು. ಬಣ್ಣದ ಚಿತ್ರಕ್ಕೆ ನಲವತ್ತು. ಲೊಚಗುಟ್ಟುವ ಸದ್ದಿಗೆ ಐವತ್ತು. ನನ್ನ ಮೈಮೇಲೆ ಬೀಳುವುದಕ್ಕೆ ನೂರು. ಒಂದೊಂದು ಮೆಟ್ಟಿಲಿನಲ್ಲೂ ಭಯ ತಾನಾಗಿ ಇಳಿಯುವವರೆಗೆ ಕೂರಬೇಕು, ಎದ್ದು ಓಡಬಾರದು. ಎದ್ದು ಓಡಿದರೆ 'ಓಡಿದ್ದಕ್ಕೇ ಬದುಕಿದೆ' ಅಂತ ಮನಸ್ಸು ಪಾಠ ಕಲಿಯುತ್ತದಂತೆ. ಗಾಜಿನ ಭರಣಿಯೊಳಗಿನ ಹಲ್ಲಿಯನ್ನು ಕೋಣೆಯ ಆ ತುದಿಯಲ್ಲಿ ಇಟ್ಟ ದಿನ ನಲವತ್ತು ನಿಮಿಷ ಬೆವರಿದೆ. ಆಮೇಲೆ ಆಕಳಿಕೆ ಬಂತು! ಇದೂ ಎದುರಿಸುವುದೇ, ಬಚ್ಚಲಲ್ಲಿ ಆದದ್ದೂ ಎದುರಿಸುವುದೇ. ವ್ಯತ್ಯಾಸ ಏನು ಗೊತ್ತಾ? ಇಲ್ಲಿ ಬಾಗಿಲು ತೆರೆದಿತ್ತು. ಎದ್ದು ಹೋಗಬಹುದಾಗಿತ್ತು, ಹೋಗಲಿಲ್ಲ.

ಒಂಬತ್ತು ವಾರ ಹೋದೆ. ಈಗ ನಮ್ಮ ಗೋಡೆ ಗಡಿಯಾರದ ಹಿಂದೆ ಒಂದು ಹಲ್ಲಿ ಇದೆ. ಪ್ರೀತಿಯೇನೂ ಇಲ್ಲ. ಇದೆ, ಇರಲಿ. ಇದನ್ನು ಮನೆಯವರಿಗೆ ತೋರಿಸಬೇಕಿತ್ತು. ನಾನು ಚಿಕಿತ್ಸೆಗೆ ಹೋಗುವ ಹೊತ್ತಿಗೆ ಅವರು ಹೋಗಿ ಎರಡು ವರ್ಷವಾಗಿತ್ತು.

*ಭಯ ಎಲ್ಲಿಂದ ಬರುತ್ತದೆ ಎಂಬ ಬಗ್ಗೆ ಮೈಸೂರಿನಿಂದ ಒಂದು ಪತ್ರ. – ಸಂ.*

ಗೃಹಿಣಿ, ಮೈಸೂರು:

ನನಗೆ ಹಲ್ಲಿ ಏನೂ ಮಾಡಿರಲಿಲ್ಲ. ಮಾಡಿದ್ದು ಅಜ್ಜಿ. ಪಂಚಾಂಗದಲ್ಲಿ ಹಲ್ಲಿ ಬಿದ್ದ ಫಲದ ಪುಟ ಇರುತ್ತದಲ್ಲ, ಅದು ಅಜ್ಜಿಗೆ ಬಾಯಿಪಾಠ. ತಲೆಯ ಮೇಲೆ ಬಿದ್ದರೆ ಕೆಡುಕು, ತಕ್ಷಣ ತಲೆಗೆ ಸ್ನಾನ. ಕಂಚಿಗೆ ಹೋಗಿ ಬಂಗಾರದ ಹಲ್ಲಿ, ಬೆಳ್ಳಿಯ ಹಲ್ಲಿ ಮುಟ್ಟಿ ಬಂದವರು ಸಿಕ್ಕರೆ ಅವರ ಕೈ ಮುಟ್ಟಿಸುತ್ತಿದ್ದರು. ಹಲ್ಲಿ ಬಿದ್ದ ಹಾಲು ವಿಷ ಅಂತ ಬೇರೆ. ಮನೆಯ ಹಲ್ಲಿಗೆ ವಿಷವೇ ಇಲ್ಲ ಅಂತ ಗೊತ್ತಾಗುವಷ್ಟರಲ್ಲಿ ನನಗೆ ಮೂವತ್ತು ದಾಟಿತ್ತು. (ಹಾಲು ಚೆಲ್ಲಿ, ಕೊಳಕಂತೂ ಹೌದು.) ಗೊತ್ತಾದರೂ ಕಾಲು ನಡುಗುವುದು ನಿಲ್ಲಲಿಲ್ಲ. ಈಗ ನನ್ನ ಮೂರು ವರ್ಷದ ಮಗಳೂ ಹಲ್ಲಿ ಕಂಡರೆ ಚೀರುತ್ತಾಳೆ. ಅವಳಿಗೆ ಯಾರೂ ಏನೂ ಹೇಳಿಲ್ಲ, ನನ್ನ ಮುಖ ನೋಡಿ ಕಲಿತಳು. ನಿಮಗೆ ಮಕ್ಕಳಿದ್ದಾರೋ ಇಲ್ಲವೋ ಬರೆದಿಲ್ಲ. ಆಗುವ ಮೊದಲೇ ಚಿಕಿತ್ಸೆ ಕೊಡಿಸಿ.

ರೈತರು, ಮಂಡ್ಯ ಜಿಲ್ಲೆ:

ಅಣ್ಣ, ಹಲ್ಲಿ ವಿಷಯ ನನಗೆ ಗೊತ್ತಿಲ್ಲ. ನನಗೆ ಸೂಜಿ ಕಂಡರೆ ಆಗಲ್ಲ. ಆರಡಿ ಆಳು, ಆಸ್ಪತ್ರೆಯಲ್ಲಿ ಬಾಳೆಗಿಡ ಬಿದ್ದ ಹಾಗೆ ಬಿದ್ದೆ. ನಮ್ಮಪ್ಪನೂ ಹೀಗೇ ಬೀಳುತ್ತಿದ್ದರು. ಡಾಕ್ಟರು ಹೇಳಿದರು, ಬೇರೆ ಭಯದಲ್ಲಿ ಬಿಪಿ ಏರುತ್ತದೆ, ರಕ್ತ ಮತ್ತು ಸೂಜಿಯ ಭಯದಲ್ಲಿ ಮಾತ್ರ ಏರಿ ದಬಕ್ಕನೆ ಇಳಿಯುತ್ತದೆ, ಅದಕ್ಕೇ ತಲೆ ತಿರುಗುವುದು ಅಂತ. ಕೈ, ಕಾಲು, ಹೊಟ್ಟೆಯ ಸ್ನಾಯು ಬಿಗಿ ಹಿಡಿದು, ಮುಖ ಬೆಚ್ಚಗಾಗುವವರೆಗೆ ಹತ್ತು ಹದಿನೈದು ಸೆಕೆಂಡ್ ಇಟ್ಟು, ಸಡಿಲ ಬಿಟ್ಟು, ಅರ್ಧ ನಿಮಿಷ ಬಿಟ್ಟು ಮತ್ತೆ ಬಿಗಿ. ಹೀಗೆ ಐದು ಸಲ. ಸೂಜಿ ಕೊಡುವ ಕೈ ಮಾತ್ರ ಸಡಿಲ ಇರಬೇಕು. ಹೋದ ತಿಂಗಳು ಬೀಳದೆ ಇಂಜೆಕ್ಷನ್ ತಗೊಂಡೆ. ನಾಟಕ ಅಂತ ನನಗೂ ಅಂದಿದ್ದರು. ನಾಟಕದಲ್ಲಿ ಹಣೆ ಒಡೆದುಕೊಂಡು ಮೂರು ಹೊಲಿಗೆ ಹಾಕಿಸಿಕೊಳ್ಳುತ್ತಾರಾ?

*ಕೇಳಿದ ಪ್ರಶ್ನೆ ಇದಲ್ಲದಿದ್ದರೂ ಕೊನೆಯ ಸಾಲಿಗಾಗಿ ಪ್ರಕಟಿಸಿದ್ದೇವೆ. – ಸಂ.*

ಮನಶ್ಶಾಸ್ತ್ರ ಉಪನ್ಯಾಸಕರು, ಧಾರವಾಡ:

ಅಪಾಯಕ್ಕೆ ಮೀರಿದ ಭಯ, ಆರು ತಿಂಗಳಿಗಿಂತ ಹೆಚ್ಚು ಕಾಲ ಉಳಿದು, ಊಟ, ಓಡಾಟ, ಸಂಬಂಧಗಳನ್ನು ಕೆಡಿಸುತ್ತಿದ್ದರೆ ಅದನ್ನು ಫೋಬಿಯಾ ಎನ್ನುತ್ತೇವೆ. 1924ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗನ ಬಗ್ಗೆ ಬರೆದರು. ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ ಪಂಜರದ ಮೊಲವನ್ನು ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹತ್ತಿರ ತಂದರು. ಕೊನೆಗೆ ಅವನೇ ಮೊಲವನ್ನು ಸವರಿದ. ಇವತ್ತಿನ ಚಿಕಿತ್ಸೆಯೂ ಹೆಚ್ಚುಕಡಿಮೆ ಆ ದಾರಿಯದೇ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್ ಗೋರನ್ ಓಸ್ಟ್ 1989ರಲ್ಲಿ ಒಂದೇ ದಿನದಲ್ಲಿ, ಮೂರು ಗಂಟೆಯೊಳಗೆ ಮುಗಿಸುವ ವಿಧಾನವನ್ನೂ ವಿವರಿಸಿದರು. ಬೇಗ ಮುಗಿಯುತ್ತದೆ ನಿಜ. ಆದರೆ ಅಲ್ಲಿಯೂ ಪ್ರತಿ ಹೆಜ್ಜೆಗೆ ಮೊದಲು ರೋಗಿಯ ಒಪ್ಪಿಗೆ ಕೇಳುತ್ತಾರೆ.

ಇನ್ನೊಂದು ಮಾತು. ಈಗ ನೀವು ದಿನಾ ಮೊದಲು ಹೋಗಿ ದೀಪ ಹಾಕುವುದೂ ಭಯವನ್ನು ಸಾಕಿದಂತೆಯೇ. ಹಾಗಂತ ನಾಳೆಯಿಂದಲೇ ನಿಲ್ಲಿಸಬೇಡಿ. ಯಾವುದನ್ನು ಯಾವಾಗ ಬಿಡುವುದು ಎಂದು ಆಕೆ ಮತ್ತು ಚಿಕಿತ್ಸಕರು ಸೇರಿ ಗೊತ್ತುಮಾಡಲಿ. ನಿದ್ದೆ ಮಾತ್ರೆ, ಆತಂಕದ ಮಾತ್ರೆ ಆ ಹೊತ್ತಿಗೆ ತಡೆಯಬಹುದು, ಫೋಬಿಯಾವನ್ನು ಬಿಡಿಸುವುದಿಲ್ಲ. ಎಲ್ಲಿ ಶುರು ಮಾಡುವುದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

*ಮೊಟ್ಟೆ ಚಿಪ್ಪು, ನವಿಲುಗರಿ, ಬೆಳ್ಳುಳ್ಳಿ ನೇತುಹಾಕಿ ಹಲ್ಲಿ ಓಡಿಸುವ ಉಪಾಯ ಬರೆದವರಿಗೆ ವಂದನೆ. ಜಾಗ ಸಾಲಲಿಲ್ಲ. ಎಲ್ಲ ಪತ್ರಗಳ ಪ್ರತಿಯನ್ನೂ ಹಾಸನದ ಓದುಗರಿಗೆ ಅಂಚೆಯಲ್ಲಿ ಕಳಿಸಿದ್ದೇವೆ. ಲಕೋಟೆಯ ಮೇಲೆ ಇಬ್ಬರ ಹೆಸರನ್ನೂ ಬರೆದಿದ್ದೇವೆ. – ಸಂ.*