‘ಕ್ರಮಸಂಖ್ಯೆ’ಯಲ್ಲಿ ನಡುವೆ ಅಂಕಿ ತಪ್ಪಬಹುದೇ?

ಎಲ್ಲರಿಗೂ ನಮಸ್ಕಾರ.

ಕ್ಲೌಡ್ ಡೇಟಾಬೇಸ್ ಮೇಲೆ ಓಡುವ ಬಿಲ್ಲಿಂಗ್ ತಂತ್ರಾಂಶವೊಂದಕ್ಕೆ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇನೆ. ಅದರಲ್ಲಿ ‘ಕ್ರಮಸಂಖ್ಯೆ’ ಎಂಬ ಒಂದೇ ಪದ ಮೂರು ಅರ್ಥಗಳನ್ನು ಹೊತ್ತು ನಿಂತಿದೆ.

ಸಂಖ್ಯೆ ಮರುಕಳಿಸಬಾರದು ಎಂಬ ಅರ್ಥಕ್ಕೆ ‘ಅನನ್ಯ’ ಸಾಕು. ಆಧಾರ್‌ನವರ ‘ವಿಶಿಷ್ಟ’ವೂ ನಡೆದೀತು.

ತೊಡಕಿರುವುದು ಉಳಿದೆರಡರಲ್ಲಿ. ಸಂಖ್ಯೆಗಳು ಏರುತ್ತಾ ಹೋಗುವುದು ಬೇರೆ, ಒಂದೂ ತಪ್ಪದೆ ಬರುವುದು ಬೇರೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನ ಸೀಕ್ವೆನ್ಸ್ (ಕೇಳಿದಾಗಲೆಲ್ಲ ಹೊಸ ಸಂಖ್ಯೆ ಕೊಡುವ ಸೌಲಭ್ಯ) ಒಂದು ವಹಿವಾಟಿಗೆ 57 ಕೊಟ್ಟಿತು ಅನ್ನಿ. ಆ ವಹಿವಾಟು ರದ್ದಾದರೂ 57 ವಾಪಸ್ ಬರುವುದಿಲ್ಲ, ಮುಂದಿನವರಿಗೆ 58. ವಾಪಸ್ ಪಡೆಯುವುದಾದರೆ ಮೊದಲಿನವರ ಕೆಲಸ ಮುಗಿಯುವ ತನಕ ನಂತರ ಬಂದವರೆಲ್ಲ ಕಾಯಬೇಕು. ಹತ್ತಾರು ಯಂತ್ರಗಳಿಗೆ ಹಂಚಿದ ಡೇಟಾಬೇಸ್‌ನಲ್ಲಿ ಎಲ್ಲವೂ ಒಂದೇ ಎಣಿಕೆಯ ಮುಂದೆ ಸಾಲುಗಟ್ಟಿದರೆ ಯಂತ್ರ ಹೆಚ್ಚಿಸಿ ಏನು ಬಂತು? ಅದಕ್ಕೇ ಪ್ರತಿ ಯಂತ್ರಕ್ಕೂ ಒಂದೊಂದು ಕಂತೆ ಸಂಖ್ಯೆಯನ್ನು ಮುಂಗಡವಾಗಿ ಕೊಡುವುದುಂಟು, ಹಿಂದೆ ಡಿಪೋದಲ್ಲಿ ಕಂಡಕ್ಟರುಗಳಿಗೆ ಟಿಕೆಟ್ ಕಟ್ಟು ಕೊಡುತ್ತಿದ್ದ ಹಾಗೆ. ಕಟ್ಟಿನೊಳಗೆ ಕ್ರಮವಿದೆ, ಇಡೀ ಡಿಪೋದಲ್ಲಿ ಯಾವುದು ಮೊದಲು ಹರಿದದ್ದೆಂದು ಸಂಖ್ಯೆ ನೋಡಿ ಹೇಳಲಾಗದು. ಟ್ವಿಟರ್ 2010ರಲ್ಲಿ ತಂದ ಸ್ನೋಫ್ಲೇಕ್ ಎಂಬ ಸಂಖ್ಯೆ ಕೊಡುವ ವ್ಯವಸ್ಥೆ 64 ಬಿಟ್‌ಗಳಲ್ಲಿ (0 ಅಥವಾ 1 ಕೂರುವ ಸ್ಥಾನಗಳಲ್ಲಿ) 41ನ್ನು ಕಾಲಕ್ಕೆ, 10ನ್ನು ಯಂತ್ರದ ಗುರುತಿಗೆ, 12ನ್ನು ಅದೇ ಮಿಲಿಸೆಕೆಂಡಿನೊಳಗಿನ ಎಣಿಕೆಗೆ ಮೀಸಲಿಟ್ಟಿತು. ಅಲ್ಲಿ ಸಂಖ್ಯೆ ಹೆಚ್ಚುಕಡಿಮೆ ಏರುತ್ತದೆ, ಆದರೆ ನಡುವೆ ಭಾರೀ ಜಿಗಿತ. ಗೂಗಲ್‌ನ ಸ್ಪ್ಯಾನರ್ ಡೇಟಾಬೇಸ್‌ನಲ್ಲಿ ಏರಿಕೆಯೂ ಇಲ್ಲ. ಏರುವ ಸಂಖ್ಯೆಯೇ ಪ್ರೈಮರಿ ಕೀ (ದಾಖಲೆಯನ್ನು ಗುರುತಿಸುವ ಮುಖ್ಯ ಗುರುತು) ಆದರೆ ಹೊಸ ದಾಖಲೆಗಳೆಲ್ಲ ಒಂದೇ ಯಂತ್ರದ ತಲೆಗೆ ಬೀಳುತ್ತವೆಂದು ಬಿಟ್‌ಗಳನ್ನು ಹಿಂದುಮುಂದು ಮಾಡಿ ಕೊಡುತ್ತದೆ. ಹೆಸರು ಮಾತ್ರ ಅಲ್ಲೂ ಸೀಕ್ವೆನ್ಸೇ!

ಇವನ್ನೆಲ್ಲ ‘ಕ್ರಮಸಂಖ್ಯೆ’ ಎಂದು ಬರೆದರೆ ಅಂಗಡಿಯವರು ‘57 ಎಲ್ಲಿ ಹೋಯಿತು?’ ಅನ್ನುತ್ತಾರೆ. ಅನ್ನಬೇಕಾದ್ದೇ. ಜಿಎಸ್‌ಟಿಯ 46ನೇ ನಿಯಮ ಕೇಳುವುದು 16 ಅಕ್ಷರ ಮೀರದ, ಆ ಹಣಕಾಸು ವರ್ಷದಲ್ಲಿ ಮರುಕಳಿಸದ, ಒಂದರ ಹಿಂದೆ ಒಂದು ಬರುವ ಬಿಲ್ ಸಂಖ್ಯೆಯನ್ನು. ಒಂದಕ್ಕಿಂತ ಹೆಚ್ಚು ಸರಣಿಗೂ ಅದು ಒಪ್ಪುತ್ತದೆ. ಶಾಖೆಗೊಂದು ಸರಣಿ ಇಟ್ಟರೆ ಎಣಿಕೆಯ ನೂಕುನುಗ್ಗಲು ತಗ್ಗುತ್ತದೆ. ಹಾಗಾಗಿ ಡೇಟಾಬೇಸ್‌ನ ಒಳಗುರುತಿಗೂ ಬಿಲ್ ಸಂಖ್ಯೆಗೂ ಒಂದೇ ಹೆಸರಿಡುವಂತಿಲ್ಲ.

ನನ್ನ ಯೋಚನೆ ಇಷ್ಟು. ಒಂದೂ ತಪ್ಪದ್ದಕ್ಕೆ ಶಾಲೆಯ ಗಣಿತದಲ್ಲಿ ‘ಕ್ರಮಾನುಗತ’ ಇದೆ. ಕರಾರುವಾಕ್ಕು ನಿಜ, ಅಂಗಡಿಯ ಗಲ್ಲಾದಲ್ಲಿ ಕೂತವರಿಗೆ ಭಾರ. ‘ಅನುಕ್ರಮ’ ಬೇಡ, ‘ಅನುಕ್ರಮವಾಗಿ’ ಎಂಬ ಬಳಕೆ ‘ಹೇಳಿದ ಕ್ರಮದಲ್ಲೇ’ ಎಂಬ ಬೇರೆಯೇ ದಾರಿ ಹಿಡಿದಿದೆ. ಏರುತ್ತಾ ಹೋಗಿ ನಡುವೆ ತಪ್ಪಬಹುದಾದ್ದಕ್ಕೆ ‘ಏರುಸಂಖ್ಯೆ’ ಅನ್ನಬಹುದೇ? ಕನ್ನಡ-ಸಂಸ್ಕೃತ ಪದ ಬೆರೆಸಿದ ಅರಿಸಮಾಸವೆಂದು ಯಾರೂ ಎಗರಬೇಡಿ, ‘ಏರುವ ಸಂಖ್ಯೆ’ ಎಂದು ಬಿಡಿಸಿದರೆ ಗಮಕಸಮಾಸ, ಅದರಲ್ಲಿ ಇಂಥ ಬೆರಕೆಗೆ ದೋಷ ತಟ್ಟದು. ನನ್ನ ಅಳುಕು ಬೇರೆ: ಓದುವವರಿಗೆ ‘ದೊಡ್ಡ ಸಂಖ್ಯೆ’ ಎಂದು ಕೇಳಿಸೀತೇ? ಲೆಕ್ಕ ಬರೆಯುವವರ ಬಾಯಲ್ಲಿ ‘ಸೀರಿಯಲ್ ನಂಬರ್’ ಬಿಟ್ಟು ಇನ್ನೇನಾದರೂ ಮಾತಿದ್ದರೆ ತಿಳಿಸಿ.